ಓದಲಾಗದ ಜಾಗ ಬಂದಾಗ: ಒಂದು ಹಳೆ ಟೇಪಿನ ಪ್ರಕರಣ

ಇದು ಬೆಂಗಳೂರಿನ ಬಸವನಗುಡಿಯ ಒಂದು ಸಣ್ಣ ಧ್ವನಿ ಸಂಗ್ರಹದಲ್ಲಿ ನಡೆದದ್ದು. ಸಂಸ್ಥೆಯ ಹೆಸರು, ಜನರ ಹೆಸರು ಎಲ್ಲವನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಟೇಪ್ ಓದುವ ಪ್ರೋಗ್ರಾಂ ಬರೆಯುವವರಿಗೆ, ಅಂಥ ಪ್ರೋಗ್ರಾಂ ನಂಬಿಕೊಂಡು ಕೂತಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಸಂಗ್ರಹದಲ್ಲಿ ಇರುವುದೆಲ್ಲ ಹಾಡು. ಕಲಬುರಗಿ, ಬೀದರ್ ಕಡೆಯ ತತ್ವಪದಗಳು, ಹಂತಿ ಪದಗಳು, ಹಳೆ ಮೈಸೂರು ಕಡೆಯ ಸೋಬಾನೆ ಪದಗಳು. ಒಬ್ಬ ಕನ್ನಡ ಮೇಷ್ಟ್ರು ರಜೆ ಸಿಕ್ಕಾಗಲೆಲ್ಲ ಊರೂರು ಸುತ್ತಿ ಸ್ಪೂಲಿನಲ್ಲಿ, ಆಮೇಲೆ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟದ್ದು. ಹಾಡಿದವರಲ್ಲಿ ಹೆಚ್ಚಿನವರು ಈಗ ಇಲ್ಲ.

2010ರಲ್ಲಿ ಎಲ್ಲವನ್ನೂ ಡಿಜಿಟಲ್ ಮಾಡಿಸಿದರು. 96 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ. ಅಂದರೆ ಒಂದು ಸೆಕೆಂಡಿಗೆ 5,76,000 ಬೈಟ್. ಒಂದು ಗಂಟೆಗೆ 2 ಜಿಬಿಗೂ ಜಾಸ್ತಿ. ಅದನ್ನೆಲ್ಲ ಎಲ್‌ಟಿಒ-4 ಟೇಪಿಗೆ (ಕಂಪ್ಯೂಟರ್ ಮಾಹಿತಿ ಇಡುವ ಒಂದು ಬಗೆಯ ಟೇಪಿನ ನಾಲ್ಕನೇ ಪೀಳಿಗೆ) ಬರೆದು ಬೀರುವಿನಲ್ಲಿಟ್ಟರು. ಕೆಲವೇ ವರ್ಷಗಳಲ್ಲಿ ಮೂಲ ಸ್ಪೂಲು, ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಬಿಸಾಡಬೇಕಾಯಿತು. ಉಳಿದದ್ದು ಈ ಟೇಪುಗಳು ಮಾತ್ರ. ಎರಡನೇ ಪ್ರತಿ ಇರಲಿಲ್ಲ.

ಟೇಪ್ ಬರೆದವರು ಆಗ ಎರಡು ಒಳ್ಳೆಯ ಕೆಲಸ ಮಾಡಿದ್ದರು. ಟಾರ್ ರೂಪದಲ್ಲಿ (ಹಲವು ಫೈಲುಗಳನ್ನು ಒಂದೇ ಕಟ್ಟಾಗಿ ಜೋಡಿಸುವ ರೂಪ), ಮೇಲೆ ಜಿಜಿಪ್ (ಗಾತ್ರ ಕುಗ್ಗಿಸುವ ವಿಧಾನ) ಹಾಕದೆ, 64 ಕೆಬಿಯ ಬ್ಲಾಕುಗಳಲ್ಲಿ ಬರೆದಿದ್ದರು. ಪ್ರತಿ ಹಾಡಿನ ಎಂಡಿ5 ಮೊತ್ತವನ್ನು (ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಕ್ಯಾಟಲಾಗಿನಲ್ಲಿ ಸೇರಿಸಿದ್ದರು. ಜಿಜಿಪ್ ಹಾಕಿದ್ದರೆ ಒಂದು ಕಡೆ ಹಾಳಾದರೂ ಅದರ ಮುಂದಿನದೆಲ್ಲ ಹೋದಂತೆಯೇ. ಬರೀ ಟಾರ್‌ನಲ್ಲಿ ಪ್ರತಿ ಫೈಲಿಗೂ ತನ್ನದೇ 512 ಬೈಟಿನ ಹೆಡರ್ (ಫೈಲಿನ ಹೆಸರು, ಗಾತ್ರ ಹೇಳುವ ತಲೆಭಾಗ) ಇರುತ್ತದೆ. ಒಂದು ಕೆಟ್ಟರೆ ಮುಂದಿನದನ್ನು ಹಿಡಿಯಬಹುದು.

ತೊಂದರೆ

ಕಳೆದ ಮಳೆಗಾಲದಲ್ಲಿ ಸಂಗ್ರಹವನ್ನು ಹೊಸ ಜಾಗಕ್ಕೆ ಸಾಗಿಸಿದರು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ದಿನಾ ಸಂಜೆ ಮಳೆ. ಹಳೆ ಮನೆಯ ನೆಲಮಹಡಿ, ಗೋಡೆಯಲ್ಲಿ ತೇವ. ಸಾಗಿಸುವಾಗ ಒಂದು ರಟ್ಟಿನ ಪೆಟ್ಟಿಗೆ ಕೈಜಾರಿ ಬಿತ್ತು ಎಂದು ಆಮೇಲೆ ಗೊತ್ತಾಯಿತು. ಹೊಸ ಜಾಗದಲ್ಲಿ ಒಂದು ಎಲ್‌ಟಿಒ-5 ಡ್ರೈವ್ ತಂದು ಟೇಪುಗಳನ್ನು ಡಿಸ್ಕಿಗೆ ಇಳಿಸಲು ಶುರು ಮಾಡಿದರು. ಮೊದಲ ಎರಡು ಟೇಪು ಸಲೀಸಾಗಿ ಬಂದವು. ಮೂರನೆಯದು ಅರ್ಧ ದಾಟಿದ ಮೇಲೆ ನಿಂತುಹೋಯಿತು.

ಬಳಸುತ್ತಿದ್ದ ಪ್ರೋಗ್ರಾಂ ಏನು ಮಾಡುತ್ತಿತ್ತು ಎಂದು ಹೇಳಬೇಕು. ರೀಡ್ ಎರರ್ ಬಂದ ಕೂಡಲೇ ಅದು ಟೇಪನ್ನು ಪೂರ್ತಿ ಹಿಂದಕ್ಕೆ ಸುತ್ತಿ ಮೊದಲಿನಿಂದ ಓದುತ್ತಿತ್ತು. ಹೀಗೆ ಐದು ಸಲ. ಐದೂ ಸೋತರೆ ಅದುವರೆಗೆ ಓದಿದ್ದನ್ನೂ ಅಳಿಸಿ "ವಿಫಲ" ಎಂದು ಬರೆದು ಕೂರುತ್ತಿತ್ತು. 400 ಜಿಬಿಗೂ ಜಾಸ್ತಿ ಚೆನ್ನಾಗಿ ಬಂದ ಹಾಡುಗಳನ್ನು ಅಳಿಸುವುದು! ಅದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಅಲ್ಲಿಯ ಹುಡುಗನೊಬ್ಬ ಇಂಟರ್ನೆಟ್ಟಿನಲ್ಲಿ ಹುಡುಕಿ ಬೇರೆ ದಾರಿ ಹಿಡಿದ. ಲಿನಕ್ಸ್‌ನ ಡಿಡಿ ಎಂಬ ಆಜ್ಞೆಗೆ "ಎರರ್ ಬಂದರೂ ನಿಲ್ಲಬೇಡ, ಓದಲಾಗದ ಕಡೆ ಸೊನ್ನೆ ತುಂಬು" ಎಂದು ಹೇಳಿ ಓಡಿಸಿದ. ಅದು ಕೊನೆಯವರೆಗೆ ಓಡಿತು. ಡಿಡಿ ತನ್ನ ದೋಷಗಳನ್ನು ಸ್ಕ್ರೀನ್ ಮೇಲೆ ಹೇಳುತ್ತಲೇ ಇತ್ತು. ಆದರೆ ಸುತ್ತ ಬರೆದಿದ್ದ ಸ್ಕ್ರಿಪ್ಟು ಆ ಸಾಲುಗಳನ್ನು ಎಲ್ಲೂ ಉಳಿಸಲಿಲ್ಲ. "ಪೂರ್ಣ" ಎಂದು ಹಸಿರು ಅಕ್ಷರ ಬಂತು. ಎಲ್ಲರಿಗೂ ಸಮಾಧಾನ.

ಮೇಷ್ಟ್ರಿಗೆ ಮಾತ್ರ ಸಮಾಧಾನ ಇರಲಿಲ್ಲ. ಅವರು ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಹಾಡು ಕೇಳುತ್ತಿದ್ದರು. ಒಂದು ತತ್ವಪದದ ನಡುವೆ ಏಕತಾರಿ ಥಟ್ಟನೆ ನಿಂತಿತು. ಸುಮಾರು ಮೂರು ಸೆಕೆಂಡ್ ಏನೂ ಇಲ್ಲ. ಆಮೇಲೆ ಮತ್ತೆ ಹಾಡು. ಇನ್ನೊಂದು ಹಾಡು ಅರ್ಧದಿಂದ ಬರೀ ಬುಸ್ ಎಂಬ ಸದ್ದು. ಮತ್ತೊಂದು ಹಾಡು ಪಟ್ಟಿಯಲ್ಲೇ ಇಲ್ಲ.

"ಏನಮ್ಮಾ, ನಿಮ್ಮ ಕಂಪ್ಯೂಟರ್ ಎಲ್ಲಾ ಸರಿ ಅನ್ನುತ್ತೆ. ಈ ಅಜ್ಜ ಹಾಡುವಾಗ ತಂತಿ ಬಿಟ್ಟವನೇ ಅಲ್ಲ. ಇಲ್ಲಿ ಬಿಟ್ಟಿದ್ದಾನಲ್ಲ?" ಎಂದು ಅಲ್ಲಿ ಕೋಡ್ ಬರೆಯುವ ಹುಡುಗಿಯನ್ನು ಕೇಳಿದರಂತೆ. ಅವಳು ನನಗೆ ಫೋನ್ ಮಾಡಿದಳು.

ಮೊದಲ ನಿರ್ಧಾರ: ನಿಲ್ಲಿಸುವುದು

ನಾನು ಫೋನಿನಲ್ಲಿ ಹೇಳಿದ ಮೊದಲ ಮಾತು, "ಟೇಪ್ ಹೊರಗೆ ತೆಗೆಯಮ್ಮ. ಇನ್ನು ಒಂದು ಸಲವೂ ಓಡಿಸಬೇಡ." ಕಾರಣ ಇದು. ಎಲ್‌ಟಿಒ ಡ್ರೈವ್ ಸುಮ್ನೆ ಕೈಚೆಲ್ಲುವುದಿಲ್ಲ. ಟೇಪಿನ ಮೇಲೆ, ಕೆಟ್ಟ ಬೈಟುಗಳನ್ನು ಲೆಕ್ಕ ಹಾಕಿ ಸರಿಪಡಿಸುವ, ಎರಡು ಹಂತದ ರೀಡ್-ಸಾಲೊಮನ್ ತಿದ್ದುಪಡಿ ಸಂಕೇತ ಇರುತ್ತದೆ. ಅದರಿಂದಲೂ ಆಗದಿದ್ದರೆ ಡ್ರೈವ್ ತಾನೇ ಹಿಂದೆ ಹೋಗಿ, ಮುಂದೆ ಬಂದು, ಅದೇ ಜಾಗವನ್ನು ಮತ್ತೆ ಮತ್ತೆ ಓದಿ ನೋಡುತ್ತದೆ. ಇದಕ್ಕೆ ನಿಮಿಷಗಟ್ಟಲೆ ಹಿಡಿಯಬಹುದು. ಇಷ್ಟೆಲ್ಲ ಆದ ಮೇಲೆ "ಮೀಡಿಯಂ ಎರರ್" ಎಂಬ ಉತ್ತರ ಬರುತ್ತದೆ. ಅದರ ಮೇಲೆ ಪ್ರೋಗ್ರಾಂ ಇನ್ನೂ ಐದು ಸಲ ಓದು ಎಂದರೆ, ಗಾಯವಾದ ಜಾಗವನ್ನು ಹತ್ತಾರು ಸಲ ಉಜ್ಜಿದ ಹಾಗೆ. ಟೇಪಿನ ಅಂಚು ಮಡಚಿದ್ದರೆ ಆ ಉಜ್ಜುವಿಕೆಯಲ್ಲೇ ಇನ್ನಷ್ಟು ಹೋಗುತ್ತದೆ.

ಮರುದಿನ ಹೋಗಿ ನೋಡಿದೆ. ಕಾರ್ಟ್ರಿಡ್ಜಿನ ರೈಟ್ ಪ್ರೊಟೆಕ್ಟ್ ಗುಂಡಿ ತೆರೆದೇ ಇತ್ತು. ಎಲ್‌ಟಿಒ-5 ಡ್ರೈವಿಗೆ ಎಲ್‌ಟಿಒ-4 ಟೇಪಿನ ಮೇಲೆ ಬರೆಯಲೂ ಬರುತ್ತದೆ. ಒಂದು ತಪ್ಪು ಆಜ್ಞೆ ಸಾಕಿತ್ತು. ಅದನ್ನು ಮೊದಲು ಜಾರಿಸಿ ಮುಚ್ಚಿದೆವು. ತೇವದ ಕೋಣೆಯಿಂದ ಬಂದ ಟೇಪನ್ನು ಡ್ರೈವ್ ಇರುವ ಒಣ ಕೋಣೆಯಲ್ಲಿ 24 ಗಂಟೆ ಇಟ್ಟೆವು. ಡ್ರೈವಿನ ಟೇಪ್‌ಅಲರ್ಟ್ ಸೂಚನೆಗಳನ್ನು ಓದಿದಾಗ "ಈಗಲೇ ಸ್ವಚ್ಛ ಮಾಡಿ" ಎಂಬುದೂ ಇತ್ತು. ಎಸ್.ಪಿ. ರಸ್ತೆಯಿಂದ ಕ್ಲೀನಿಂಗ್ ಕಾರ್ಟ್ರಿಡ್ಜ್ ತಂದು ಒಂದೇ ಸಲ ಹಾಕಿದೆವು. ಅದೂ ಡ್ರೈವಿನ ಹೆಡ್ಡನ್ನು, ಅಂದರೆ ಟೇಪ್ ಓದುವ ಭಾಗವನ್ನು, ಉಜ್ಜುವ ಟೇಪೇ. ಸಂಶಯ ಬಂದಾಗಲೆಲ್ಲ ಹಾಕುವಂಥದ್ದಲ್ಲ.

ಮೌನ, ಬುಸ್ ಸದ್ದು, ಮಾಯವಾದ ಹಾಡು

ಟೇಪ್ ಒಣಗುತ್ತಿದ್ದ ಆ ಒಂದು ದಿನ ಆ ಹುಡುಗಿಯೂ ನಾನೂ ಡಿಡಿ ಕೊಟ್ಟ ಫೈಲನ್ನು ಕೆದಕಿದೆವು. ಮೇಷ್ಟ್ರು ಕೇಳಿದ ಮೂರೂ ತೊಂದರೆಗೆ ಒಂದೇ ಬೇರು ಸಿಕ್ಕಿತು.

ಎಲ್‌ಟಿಒ-4 ತನ್ನ ಮಾಹಿತಿಯನ್ನು ಸುಮಾರು 1.6 ಎಂಬಿಯ ಗಂಟುಗಳಾಗಿ ಬರೆಯುತ್ತದೆ. ಅದನ್ನು ಡೇಟಾಸೆಟ್ ಎನ್ನುತ್ತಾರೆ. ತಿದ್ದುಪಡಿ ಸಂಕೇತ ಕೆಲಸ ಮಾಡುವುದು ಇಡೀ ಗಂಟಿನ ಮೇಲೆ. ಹಾಗಾಗಿ ಸೋತರೆ ಇಡೀ ಗಂಟೇ ಸೋಲುತ್ತದೆ. ನಮ್ಮ ಲೆಕ್ಕದಲ್ಲಿ ಒಂದು ಗಂಟು ಅಂದರೆ 64 ಕೆಬಿಯ ಸುಮಾರು 25 ಬ್ಲಾಕು, ಹಾಡಿನಲ್ಲಿ 2.8 ಸೆಕೆಂಡ್. ಡಿಡಿ ಒಂದು ಎರರ್ ಬಂದಾಗ ಒಂದು ಬ್ಲಾಕ್ ಸೊನ್ನೆ ತುಂಬುತ್ತದೆ. ಅಷ್ಟರಲ್ಲಿ ಟೇಪ್ ಎಷ್ಟು ಬ್ಲಾಕ್ ಮುಂದೆ ಸರಿದಿದೆ ಎಂದು ಅದು ಕೇಳುವುದೇ ಇಲ್ಲ. ತುಂಬಿದ್ದೂ ಕಳೆದದ್ದೂ ಸರಿಹೋದ ಕಡೆ ಮೌನ. ಅಲ್ಲಿ ಹಾಡು ಸರಿಯಾಗಿ ಮುಂದುವರಿಯಿತು.

ಸರಿಹೋಗದ ಕಡೆ ಬುಸ್ ಸದ್ದು. 24 ಬಿಟ್ ಅಂದರೆ ಒಂದು ಸ್ಯಾಂಪಲಿಗೆ 3 ಬೈಟ್. 65,536 ಬೈಟಿನ ಬ್ಲಾಕನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ. ಒಂದು ಬ್ಲಾಕ್ ಲೆಕ್ಕ ತಪ್ಪಿದರೆ ಅಲ್ಲಿಂದ ಮುಂದೆ ಪ್ರತಿ ಸ್ಯಾಂಪಲಿನ ಬೈಟುಗಳೂ ಜಾಗ ಪಲ್ಲಟವಾಗುತ್ತವೆ. ಹಾಡು ಅಲ್ಲೇ ಇದೆ, ಒಂದು ಬೈಟೂ ಕೆಟ್ಟಿಲ್ಲ, ಕೇಳುವುದು ಮಾತ್ರ ಗದ್ದಲ. ಇನ್ನು ಕಳೆದದ್ದಕ್ಕಿಂತ ಕಡಿಮೆ ತುಂಬಿದರೆ ಮುಂದಿನ ಹಾಡಿನ ಹೆಡರ್ ಹಿಂದಿನ ಹಾಡಿನ ಹೊಟ್ಟೆಯೊಳಗೆ ಸೇರಿಹೋಗುತ್ತದೆ. ಟಾರ್ ಅದನ್ನು ದಾಟಿ ಅದರ ಮುಂದಿನ ಹೆಡರಿಗೆ ಹೋಗುತ್ತದೆ. ಮಾಯವಾದ ಹಾಡಿನ ಕತೆ ಅದು.

ಈ ಪ್ರಕರಣದ ತಿರುವು ಇದೇ ಎಂದು ನನಗೆ ಅನ್ನಿಸುತ್ತದೆ. ಓದಲಾಗದ್ದು ಬಂದಾಗ "ಮತ್ತೆ ಎಷ್ಟು ಸಲ ಪ್ರಯತ್ನಿಸಲಿ" ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. "ನಾನೀಗ ಎಲ್ಲಿದ್ದೇನೆ" ಎಂದು ಪ್ರೋಗ್ರಾಂ ಮೊದಲು ಕೇಳಿಕೊಳ್ಳಬೇಕಿತ್ತು. ಟೇಪಿನಲ್ಲಿ ಪ್ರತಿ ಬ್ಲಾಕಿಗೂ ಒಂದು ನಂಬರ್ ಇದೆ. ರೀಡ್ ಪೊಸಿಷನ್ ಎಂಬ ಆಜ್ಞೆ ಕೊಟ್ಟರೆ ಡ್ರೈವ್ ಅದನ್ನು ಹೇಳುತ್ತದೆ. ಲೊಕೇಟ್ ಎಂದರೆ ಹೇಳಿದ ನಂಬರಿಗೆ ಹೋಗಿ ನಿಲ್ಲುತ್ತದೆ. ಈ ಎರಡು ಆಜ್ಞೆಗಳಿದ್ದರೆ ಎಣಿಕೆಯನ್ನು ನಂಬಬೇಕಾಗಿಲ್ಲ.

ಹೊಸ ಪ್ರೋಗ್ರಾಂ

ಹುಡುಗಿ ಎರಡು ರಾತ್ರಿಯಲ್ಲಿ ಹೊಸದಾಗಿ ಬರೆದಳು. ನಾನು ಪಕ್ಕದಲ್ಲಿ ಕೂತಿದ್ದೆ, ಅಷ್ಟೆ. ಅವಳ ಒಂದೊಂದು ನಿರ್ಧಾರಕ್ಕೂ ಕಾರಣವಿತ್ತು.

ಓದಿದ ಬ್ಲಾಕನ್ನು ಡಿಸ್ಕಿನ ಫೈಲಿನಲ್ಲಿ ಎಲ್ಲಿಡಬೇಕು ಎಂಬುದನ್ನು ಅದರ ನಂಬರೇ ಹೇಳುತ್ತದೆ. ನಂಬರನ್ನು 65,536ರಿಂದ ಗುಣಿಸಿದರೆ ಜಾಗ ಸಿಗುತ್ತದೆ. ಬಾರದ ಬ್ಲಾಕಿನ ಜಾಗ ಖಾಲಿ ಉಳಿಯುತ್ತದೆ. ಆಮೇಲೆ ಸಿಕ್ಕರೆ ಅಲ್ಲೇ ಬಂದು ಕೂರುತ್ತದೆ. ಇಲ್ಲಿ ಒಂದು ತಪ್ಪಾಗಿತ್ತು. ಈ ಟೇಪಿನಲ್ಲಿ ಹಲವು ಟಾರ್‌ಗಳಿದ್ದವು, ನಡುವೆ ಒಂದೊಂದು ಫೈಲ್‌ಮಾರ್ಕ್ ಎಂಬ ಗಡಿ ಗುರುತು. ಡ್ರೈವಿನ ಲೆಕ್ಕದಲ್ಲಿ ಫೈಲ್‌ಮಾರ್ಕಿಗೂ ಒಂದು ನಂಬರ್ ಉಂಟು. ಅದನ್ನು ಬಿಟ್ಟಿದ್ದರಿಂದ ಎರಡನೇ ಟಾರ್‌ನಿಂದ ಎಲ್ಲವೂ ಒಂದು ಬ್ಲಾಕ್ ಆಚೀಚೆ ಆಯಿತು. ಹಿಂದೆ ಚೆನ್ನಾಗಿ ಓದಿದ್ದ ಟೇಪಿನ ಮೇಲೆ ಮೊದಲು ಪರೀಕ್ಷೆ ಮಾಡಿದ್ದರಿಂದ ಇದು ಅಲ್ಲೇ ಸಿಕ್ಕಿಬಿತ್ತು. ಗಾಯವಾದ ಟೇಪನ್ನು ಪ್ರೋಗ್ರಾಂ ಪರೀಕ್ಷೆಗೆ ಬಳಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಎರಡನೆಯದು, ಡ್ರೈವ್ ಕೊಡುವ ಉತ್ತರವನ್ನು ಪೂರ್ತಿ ಓದುವುದು. ಹಳೆ ಪ್ರೋಗ್ರಾಂ "ಓದಿತು", "ಓದಲಿಲ್ಲ" ಎಂಬ ಎರಡನ್ನೇ ನೋಡುತ್ತಿತ್ತು. ಡ್ರೈವ್ ಅದಕ್ಕಿಂತ ಎಷ್ಟೋ ಜಾಸ್ತಿ ಹೇಳುತ್ತದೆ. ಸೆನ್ಸ್ ಕೀ (ಏನಾಯಿತು ಎಂದು ಡ್ರೈವ್ ಹೇಳುವ ಸಂಖ್ಯೆ) 1 ಬಂದರೆ ಕಷ್ಟಪಟ್ಟು ಓದಿದೆ, ಮಾಹಿತಿ ಸರಿ ಇದೆ. ಅದನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಅದು ಮುಂದೆ ಬರುವ ತೊಂದರೆಯ ಸೂಚನೆ. 3 ಬಂದರೆ ಟೇಪಿನ ಆ ಜಾಗ ಓದಲಾಗಲಿಲ್ಲ. 4 ಬಂದರೆ ಡ್ರೈವಿನದೇ ಯಂತ್ರದೋಷ. ಆಗ ಮತ್ತೆ ಪ್ರಯತ್ನಿಸುವುದೇ ತಪ್ಪು, ಕೆಲಸ ನಿಲ್ಲಿಸಬೇಕು. 8 ಬಂದರೆ ಬರೆದದ್ದು ಮುಗಿದಿದೆ, ಅದು ಎರರ್ರೇ ಅಲ್ಲ. 6 ಬಂದು ರೀಸೆಟ್ ಆಗಿದೆ ಎಂದರೆ ಟೇಪ್ ಇದ್ದಲ್ಲೇ ಇದೆ ಎಂದು ನಂಬುವಂತಿಲ್ಲ. ಎಲ್ಲಿದ್ದೀಯ ಎಂದು ಕೇಳಿ, ಲೊಕೇಟ್ ಮಾಡಿ, ಮತ್ತೆ ಕೇಳಿ ಖಾತ್ರಿ ಮಾಡಿಕೊಂಡು ಮುಂದುವರಿಯಬೇಕು.

ಈ ರೀಸೆಟ್ ವಿಷಯ ಸ್ವಲ್ಪ ವಿವರಿಸಬೇಕು. ಹಳೆ ಪ್ರೋಗ್ರಾಂ ಯಾಕೆ ಪ್ರತಿ ಸಲ ಮೊದಲಿನಿಂದ ಶುರು ಮಾಡುತ್ತಿತ್ತು ಎಂದು ಹುಡುಕಿದಾಗ ಸಿಕ್ಕಿದ್ದು ಒಂದು ಸಂಖ್ಯೆ: 60 ಸೆಕೆಂಡ್. ಅಷ್ಟರೊಳಗೆ ಉತ್ತರ ಬರದಿದ್ದರೆ ಅದು ಡ್ರೈವನ್ನೇ ರೀಸೆಟ್ ಮಾಡುತ್ತಿತ್ತು. ಡ್ರೈವ್ ಒಳಗೆ ಪಾಡುಪಟ್ಟು ಓದುತ್ತಿರುವಾಗ ಹೊರಗಿನಿಂದ ತಲೆಗೆ ಹೊಡೆದ ಹಾಗೆ! ಲಿನಕ್ಸ್‌ನ ಟೇಪ್ ಚಾಲಕ ತಂತ್ರಾಂಶ ಸಾಮಾನ್ಯ ಆಜ್ಞೆಗಳಿಗೆ 900 ಸೆಕೆಂಡ್ ಕಾಯುತ್ತದೆ. ಹೊಸ ಪ್ರೋಗ್ರಾಂನಲ್ಲೂ ಅಷ್ಟೇ ಇಟ್ಟೆವು. ಕಾಯುವುದು ಬೇಸರ ಹೌದು. ಆದರೆ ಡ್ರೈವ್‌ಗಿಂತ ಚೆನ್ನಾಗಿ ಆ ಕೆಲಸ ಮಾಡುವವರು ಬೇರೆ ಯಾರಿದ್ದಾರೆ?

ಮೂರನೆಯದು ಯಾವುದನ್ನು ಮೊದಲು ಓದಬೇಕು ಎಂಬುದು. ಇದರಲ್ಲಿ ನಮ್ಮಿಬ್ಬರಿಗೂ ವಾದವಾಯಿತು. ಕೆಟ್ಟ ಜಾಗ ಬಂದಾಗ ಅಲ್ಲೇ ಬಿಡದೆ ಹಿಡಿದು ಪಡೆಯೋಣ ಎಂದು ನಾನು ಹೇಳಿದೆ. ಅವಳು ಒಪ್ಪಲಿಲ್ಲ. "ಸರ್, ಅದರ ಆಚೆ 300 ಜಿಬಿ ಇದೆ. ಈ ಒಂದು ಜಾಗ ಉಜ್ಜುತ್ತಾ ಟೇಪೇ ಕಿತ್ತು ಹೋದ್ರೆ?" ಅವಳದೇ ಸರಿ. ಕೆಟ್ಟ ಬ್ಲಾಕ್ ಸಿಕ್ಕ ಕೂಡಲೇ ನಂಬರ್ ಬರೆದುಕೊಂಡು 32 ಬ್ಲಾಕ್ ಮುಂದೆ ಹಾರುವುದು, ಅಲ್ಲಿಯೂ ಆಗದಿದ್ದರೆ ಇನ್ನೂ 32. ಹೀಗೆ ಕೊನೆಯವರೆಗೆ ಹೋಗಿ ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಡಿಸ್ಕಿಗೆ ಇಳಿಸುವುದು. ಆಮೇಲೆ ಬಿಟ್ಟ ಜಾಗಗಳಿಗೆ ವಾಪಸ್ ಬಂದು, ಅಂತರವನ್ನು ಅರ್ಧರ್ಧ ಮಾಡುತ್ತಾ ಕೆಟ್ಟದ್ದರ ಅಂಚು ಎಲ್ಲಿದೆ ಎಂದು ಹುಡುಕುವುದು. ಹಾರ್ಡ್ ಡಿಸ್ಕುಗಳಿಗೆ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಹೀಗೇ ಒಂದು ನಕ್ಷೆ ಇಟ್ಟುಕೊಂಡು ಕೆಲಸ ಮಾಡುತ್ತದೆ. ಅದನ್ನು ಟೇಪಿಗೆ ಹೊಂದಿಸಿದಳು ಎನ್ನಬಹುದು. ನಕ್ಷೆಯನ್ನು ಪ್ರತಿ ಹೆಜ್ಜೆಗೂ ಡಿಸ್ಕಿಗೆ ಬರೆಯುತ್ತಿದ್ದಳು. ಮೊದಲ ದಿನವೇ ಸಂಜೆ ಮಳೆಗೆ ಕರೆಂಟ್ ಹೋಯಿತು. ಬಂದ ಮೇಲೆ ಬಿಟ್ಟಲ್ಲಿಂದಲೇ ಶುರುವಾಯಿತು.

ಗದ್ದೆಯ ಕಲ್ಲು

ಮೊದಲ ಸುತ್ತಿನಲ್ಲಿ ಸುಮಾರು 740 ಜಿಬಿ ಓಡಿತು. 11 ಜಾಗಗಳು ಬರಲಿಲ್ಲ. ನಕ್ಷೆ ಇದ್ದದ್ದರಿಂದ ಅವುಗಳ ನಂಬರುಗಳನ್ನು ಒಂದು ಕಾಗದದ ಮೇಲೆ ಸಾಲಾಗಿ ಬರೆದೆ. ಅಂತರ ನೋಡಿದರೆ ಹೆಚ್ಚಾಗಿ 21 ಜಿಬಿ, 7 ಜಿಬಿ, ಮತ್ತೆ 21, ಮತ್ತೆ 7. ಎಲ್ಲವೂ 400ರಿಂದ 600 ಜಿಬಿಯ ಒಳಗೆ.

ಎಲ್‌ಟಿಒ ಟೇಪ್ ಬರೆಯುವ ಬಗೆ ಗದ್ದೆ ಉಳುವ ಹಾಗೆ. ಎತ್ತು ಈ ಬದುವಿನಿಂದ ಆ ಬದುವಿಗೆ ಹೋಗಿ, ತಿರುಗಿ, ಪಕ್ಕದ ಸಾಲಿನಲ್ಲಿ ವಾಪಸ್ ಬರುತ್ತದೆ. ಎಲ್‌ಟಿಒ-4ರಲ್ಲಿ 820 ಮೀಟರ್ ಉದ್ದ, 896 ಟ್ರ್ಯಾಕು. ಒಂದು ಸಲಕ್ಕೆ 16 ಟ್ರ್ಯಾಕ್. ಅಂದರೆ 56 ಸಾಲು, ಸಾಲಿಗೆ 14 ಜಿಬಿಯಷ್ಟು. ಗದ್ದೆಯಲ್ಲಿ ಒಂದು ಕಡೆ ಕಲ್ಲಿದ್ದರೆ ಹೋಗುವಾಗಲೂ ಬರುವಾಗಲೂ ನೇಗಿಲು ಅದಕ್ಕೇ ತಾಗುತ್ತದೆ. 21 ಮತ್ತು 7 ಕೂಡಿಸಿದರೆ 28, ಎರಡು ಸಾಲಿನ ಲೆಕ್ಕ. ಕಲ್ಲು ಒಂದು ತುದಿಯಿಂದ ಕಾಲು ಭಾಗ ದೂರದಲ್ಲಿದೆ, ಸುಮಾರು 200 ಮೀಟರಿನಲ್ಲಿ.

ಇನ್ನೊಂದು ಸುಳಿವೂ ಇತ್ತು. ಅರ್ಧ ಇಂಚಿನ ಟೇಪನ್ನು ಅಗಲದಲ್ಲಿ ನಾಲ್ಕು ಪಟ್ಟಿಗಳಾಗಿ ವಿಂಗಡಿಸಿರುತ್ತಾರೆ. ನಡುವಿನ ಎರಡನ್ನು ಮೊದಲು ತುಂಬಿ ಅಂಚಿನ ಎರಡನ್ನು ಆಮೇಲೆ ತುಂಬುತ್ತಾರೆ. 400ರಿಂದ 600 ಜಿಬಿ ಅಂದರೆ ಮೂರನೇ ಪಟ್ಟಿ, ಒಂದು ಅಂಚಿನದು. ಉಳಿದ ಮೂರು ಪಟ್ಟಿಗಳಲ್ಲಿ ಒಂದೂ ಎರರ್ ಇಲ್ಲ. ಹೆಡ್ಡಿನ ಕೊಳೆಯಾಗಿದ್ದರೆ ಹೀಗೆ ಒಂದೇ ಕಡೆ ಬರುತ್ತಿರಲಿಲ್ಲ. ಟೇಪಿನ ಒಂದು ಅಂಚು ಒಂದು ಕಡೆ ನಜ್ಜಿದೆ. ಪೆಟ್ಟಿಗೆ ಬಿದ್ದ ಸುದ್ದಿ ಆಗ ಹೊರಗೆ ಬಂತು. ಸಾಗಿಸಿದ ಹುಡುಗ ತಾನೇ ಬಂದು ಹೇಳಿದ. ಯಾರೂ ಬೈಯಲಿಲ್ಲ. ಅವನು ಹೇಳಿದ್ದರಿಂದ ನಮ್ಮ ಊಹೆ ಗಟ್ಟಿಯಾಯಿತು.

ಇದರಿಂದ ಮುಂದಿನ ನಿರ್ಧಾರ ಸುಲಭವಾಯಿತು. ಇನ್ನೊಮ್ಮೆ ಕ್ಲೀನಿಂಗ್ ಬೇಡ. ಇದೇ ಡ್ರೈವಿನಲ್ಲಿ ಮತ್ತೆ ಮತ್ತೆ ಉಜ್ಜುವುದೂ ಬೇಡ. ಬಿಟ್ಟ ಜಾಗಗಳಿಗೆ ಒಂದೇ ಒಂದು ಸಲ ಹೋಗಿ ಅಂಚು ಗುರುತಿಸಿದೆವು. ನಂತರ ಪೀಣ್ಯದ ಪರಿಚಯದವರ ಆಫೀಸಿನಲ್ಲಿದ್ದ ಎಲ್‌ಟಿಒ-6 ಡ್ರೈವಿಗೆ ಟೇಪನ್ನು ಒಯ್ದೆವು. ಅದು ಎಲ್‌ಟಿಒ-4 ಅನ್ನು ಓದುತ್ತದೆ, ಬರೆಯಲಾರದು. ನಮಗೆ ಬೇಕಾದದ್ದೂ ಅದೇ. ಒಂದು ಡ್ರೈವಿನ ಹೆಡ್ಡಿಗೆ ಸಿಗದ್ದು ಇನ್ನೊಂದಕ್ಕೆ ಸಿಗುವುದುಂಟು. ನಕ್ಷೆಯ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಆ 11 ಜಾಗಗಳಿಗೆ ಮಾತ್ರ ಲೊಕೇಟ್ ಮಾಡಿ ಓದಿಸಿದೆವು. ಇಡೀ ಟೇಪನ್ನು ಮತ್ತೆ ಓಡಿಸಲಿಲ್ಲ.

8 ಜಾಗ ಬಂದವು. 3 ಬರಲಿಲ್ಲ.

ಉಳಿದದ್ದು

ಟೇಪಿನಲ್ಲಿದ್ದ ಪ್ರತಿ ಹಾಡಿನ ಎಂಡಿ5 ಮೊತ್ತವನ್ನು ಕ್ಯಾಟಲಾಗಿನ ಜೊತೆ ಹೋಲಿಸಿದೆವು. ಮೂರನ್ನು ಬಿಟ್ಟು ಎಲ್ಲವೂ ಹೊಂದಿದವು. ಈ ಹೋಲಿಕೆ ಇಲ್ಲದಿದ್ದರೆ "ಬಂದಿದೆ" ಎಂದು ಹೇಳಬಹುದಿತ್ತು, "ಸರಿಯಾಗಿ ಬಂದಿದೆ" ಎನ್ನಲು ಆಧಾರ ಇರುತ್ತಿರಲಿಲ್ಲ. ಆ ಮೂರು ಹಾಡುಗಳಲ್ಲಿ ಒಂದೊಂದು ಕಡೆ ಒಂದೊಂದು ಗಂಟು, 2.8 ಸೆಕೆಂಡ್, ಖಾಲಿ. ಪ್ರೋಗ್ರಾಂ ಆ ಮೂರರ ಪಕ್ಕದಲ್ಲಿ ಇನ್ನೊಂದು ಸಣ್ಣ ಫೈಲ್ ಬರೆಯುತ್ತದೆ: ಟೇಪಿನ ಎಷ್ಟನೇ ಬ್ಲಾಕು, ಹಾಡಿನಲ್ಲಿ ಎಷ್ಟನೇ ನಿಮಿಷ, ಎಷ್ಟು ಉದ್ದ, ಯಾವ ಡ್ರೈವಿನಲ್ಲಿ ಯಾವ ದಿನ ಪ್ರಯತ್ನಿಸಿದ್ದು, ಡ್ರೈವ್ ಏನು ಹೇಳಿತು. ಹಸಿರು ಅಕ್ಷರದ "ಪೂರ್ಣ" ಎಂಬುದನ್ನು ಹುಡುಗಿ ತೆಗೆದುಹಾಕಿದಳು. ಈಗ ಒಂದು ಬ್ಲಾಕ್ ಕಡಿಮೆಯಾದರೂ "ಇಷ್ಟು ಬಂದಿಲ್ಲ" ಎಂದೇ ಬರುತ್ತದೆ.

ಸೌಂಡ್ ಎಡಿಟಿಂಗ್ ಗೊತ್ತಿದ್ದ ಒಬ್ಬರು, ಆ ಮೂರು ಖಾಲಿ ಜಾಗಕ್ಕೆ ಪಕ್ಕದ ಏಕತಾರಿ ಸದ್ದನ್ನೇ ತುಂಬಿ ಗೊತ್ತಾಗದ ಹಾಗೆ ಮಾಡಿಕೊಡುತ್ತೇನೆ ಎಂದರು. ಮೇಷ್ಟ್ರು ಬೇಡ ಎಂದರು. ಎರಡು ಹಾಡುಗಳಲ್ಲಿ ಹೋದದ್ದು ಬರೀ ತಂತಿಯ ನಾದ. ಮೂರನೆಯದರಲ್ಲಿ ಒಂದು ಮಾತು ಹೋಗಿತ್ತು. ಆ ಪದ ಅವರಿಗೆ ಬಾಯಿಪಾಠ. ಕ್ಯಾಟಲಾಗಿನ ರಿಜಿಸ್ಟರ್ ತರಿಸಿ, ಆ ಹಾಡಿನ ಸಾಲಿನ ಪಕ್ಕದಲ್ಲಿ ಸಮಯ ಬರೆದು, ಹೋದ ಮಾತನ್ನು ತಮ್ಮ ಕೈಯಲ್ಲೇ ಬರೆದರು. ಕೆಳಗೆ ತಾರೀಖು ಹಾಕಿದರು. ಆಮೇಲೆ ನಾಲ್ಕನೇ ಟೇಪನ್ನು ಪೆಟ್ಟಿಗೆಯಿಂದ ಎತ್ತಿ ಹುಡುಗಿಯ ಕೈಗೆ ಕೊಟ್ಟು, "ಇದಕ್ಕೂ ಒಂದು ದಿನ ಒಣಗೋಕೆ ಬಿಡಮ್ಮ" ಎಂದರು.